ಇಳಿಸುವ ದಿನ ನಾನೂರ ಹನ್ನೆರಡು

ದೋಣಿಕಟ್ಟೆಯ ಕಂಬಕ್ಕೆ ಆ ಫಲಕ ಏರಿಸಿದ ಬೆಳಿಗ್ಗೆ ತೇಲೂರಿನ ಅರ್ಧಕ್ಕರ್ಧ ಜನ ಅಲ್ಲಿ ನೆರೆದಿದ್ದರು. ಇಂದುಮತಿ ಗಾಂವಕರ ಮುಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದಳು. ಕೆನ್ನೆ ನೋಯುವಷ್ಟು ಹೊತ್ತಿನಿಂದ ನಗುತ್ತಿದ್ದಳು.

ತೇಲೂರು ಹೆಸರಿಗೆ ತಕ್ಕಂತೆ ತೇಲುವ ಊರು. ಕಡಲು ಏರಿ ಕರಾವಳಿಯ ತಗ್ಗಿನ ಊರುಗಳು ನೀರು ಸೇರಿದ ಮೇಲೆ, ಕಾರವಾರದಿಂದ ಹನ್ನೆರಡು ಮೈಲಿ ಆಚೆ ಉಕ್ಕಿನ ದೊಡ್ಡ ತೆಪ್ಪಗಳನ್ನು ಸರಪಳಿಯಲ್ಲಿ ಬೆಸೆದು ಕಟ್ಟಿದ್ದು. ನಲವತ್ತು ಸಾವಿರ ಜನ, ಇಪ್ಪತ್ಮೂರು ಕೇರಿ, ಕೇರಿಗೊಬ್ಬರಂತೆ ಇಪ್ಪತ್ಮೂರು ಮಂದಿಯ ಸಭೆ. ಊರಿಗೆ ತನ್ನದೇ ಸಂವಿಧಾನವಿತ್ತು. ಅದನ್ನು ಬರೆದ ಸಮಿತಿಯಲ್ಲಿ ಎಲ್ಲರಿಗಿಂತ ಕಿರಿಯಳು ಇಂದುಮತಿ. ಆಮೇಲೆ ಅವಳು ಇಪ್ಪತ್ತೆರಡು ವರ್ಷ ಒಂದೇ ಪ್ರಶ್ನೆಯ ಹಿಂದೆ ಬಿದ್ದಳು: ಲೋಕದಲ್ಲಿ ಜನರ ಆಳ್ವಿಕೆಗಳು ಹೇಗೆ ಕೆಡುತ್ತವೆ? ಬಂದೂಕಿನಿಂದ ಕೆಟ್ಟವು ಕಡಿಮೆ. ಬಹಳಷ್ಟು ಕಾನೂನಿನಿಂದಲೇ ಕೆಟ್ಟಿದ್ದವು. ಒಂದು ಕಡೆ ಅವಧಿ ವಿಸ್ತರಣೆ, ಇನ್ನೊಂದು ಕಡೆ ನ್ಯಾಯಾಧೀಶರ ವಯೋಮಿತಿಯಲ್ಲೊಂದು ಸಣ್ಣ ತಿದ್ದುಪಡಿ, ಮತ್ತೊಂದು ಕಡೆ ತುರ್ತು ಸ್ಥಿತಿಯ ನವೀಕರಣ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ತಪ್ಪೇ ಕಾಣುತ್ತಿರಲಿಲ್ಲ. ಅಂಥ ಮುನ್ನೂರ ಹನ್ನೊಂದು ಚರಿತ್ರೆಗಳನ್ನು ಅವಳು ಕೈಯಲ್ಲೇ ಬರೆದು, ಒಂದರ ಪಕ್ಕ ಒಂದಿಟ್ಟು ಹೋಲಿಸಿದ್ದಳು.

ಆದರೆ ಫಲಕ ಅವಳದಾಗಿರಲಿಲ್ಲ. ಅದು ಅವಳ ಶಿಷ್ಯೆ ತಾರಾ ಖಾರ್ವಿಯದು. ಬಲೆ ಹೆಣೆಯುವವರ ಮನೆಯ ಹುಡುಗಿ, ನಾಲ್ಕು ವರ್ಷ ಇಂದುಮತಿಯ ಬಳಿ ಕಾನೂನು ಓದಿ, ಆಮೇಲೆ ಗಣಕದ ಕಡೆ ಹೊರಳಿದವಳು. ಆ ಮುನ್ನೂರ ಹನ್ನೊಂದು ಚರಿತ್ರೆಗಳನ್ನು ಯಂತ್ರಕ್ಕೆ ಉಣಿಸಿ, ಇಡೀ ಊರು ನೋಡುವಂಥ ಒಂದೇ ಒಂದು ಅಂಕಿಯನ್ನು ಹೊರತೆಗೆದಿದ್ದಳು.

"ಇವತ್ತಿನ ಆಡಳಿತ ಬೇಡ ಅಂತ ನಮಗೆ ಅನ್ನಿಸ್ತು ಅಂತಿಟ್ಕೊಳ್ಳಿ," ಎಂದು ತಾರಾ ಧ್ವನಿವರ್ಧಕದಲ್ಲಿ ಹೇಳುತ್ತಿದ್ದಳು. "ಗಲಾಟೆ ಇಲ್ದೆ, ಕಾನೂನಿನ ದಾರಿಯಲ್ಲೇ ಅದನ್ನ ಇಳಿಸ್ಲಿಕ್ಕೆ ಹೆಚ್ಚೆಂದ್ರೆ ಎಷ್ಟು ದಿನ ಬೇಕು? ಅಷ್ಟನ್ನೇ ಇದು ಹೇಳೂದು. ಹೊಸ ಕಾನೂನು, ಹೊಸ ಆದೇಶ ಎಂತ ಬಂದ್ರೂ ಓದ್ತದೆ. ಯಾವ ಬಾಗಿಲು ಮುಚ್ಚಿತು, ಯಾವುದು ತೆರೆದುಂಟು ಅಂತ ನೋಡ್ತದೆ. ದಿನ ಕಡಿಮೆ ಇದ್ರೆ ನಾವು ಗಟ್ಟಿ. ಜಾಸ್ತಿ ಆದ್ರೆ ನಾವು ಸವೀತಾ ಇದ್ದೇವೆ ಅಂತ."

ಫಲಕದ ಮೇಲೆ ಹಳದಿ ಅಂಕಿ ಮೂಡಿತು: ೪೧೨. ಜನ ಚಪ್ಪಾಳೆ ಹೊಡೆದರು.

"ಇದರ ಬೀಜ ನಮ್ಮ ಅಕ್ಕೋರದು," ಎಂದು ತಾರಾ ಇಂದುಮತಿಯತ್ತ ಕೈಮುಗಿದಳು. ಆ ಕಡೆಯಲ್ಲಿ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ಇನ್ನೊಮ್ಮೆ ಚಪ್ಪಾಳೆ ಬಿತ್ತು, ಮೊದಲಿನಷ್ಟು ಜೋರಾಗಿ ಅಲ್ಲ. ಇಂದುಮತಿಯ ಹೊಟ್ಟೆಯಲ್ಲಿ ಏನೋ ಚುರ್ರೆಂದಿತು. ತಾರಾ ಅವಳ ಮಾತನ್ನೇ ಎತ್ತದಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಇಷ್ಟು ಗೌರವದಿಂದ ಹೇಳಿ ಆ ದಾರಿಯನ್ನೂ ಮುಚ್ಚಿಬಿಟ್ಟಿದ್ದಳು.

ಕೆಲವೇ ತಿಂಗಳಲ್ಲಿ ಊರು ಆ ಅಂಕಿಗೆ ಒಗ್ಗಿಕೊಂಡಿತು. ದೋಣಿ ಕಾಯುವವರು ಗಾಳಿ ಯಾವ ಕಡೆಯದು ಎಂದು ನೋಡುವಂತೆ ಅದನ್ನೂ ನೋಡುತ್ತಿದ್ದರು. ಸಭೆಯಲ್ಲಿ ಏನಾದರೂ ಮಂಡನೆಯಾದರೆ ಚಹಾದಂಗಡಿಯಲ್ಲಿ, "ಎಷ್ಟಾಯ್ತು ಮಾರಾಯ?" ಎಂದು ಕೇಳುವುದು ರೂಢಿಯಾಯಿತು. ಒಮ್ಮೆ ಅಂಕಿ ನಾನೂರ ನಲವತ್ತಕ್ಕೆ ಏರಿದಾಗ ಮೀನುಪೇಟೆಯ ಹೆಂಗಸರು ಸಭಾಭವನದ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟು ಕೂತರು. ಮೂರೇ ದಿನದಲ್ಲಿ ಆದೇಶ ವಾಪಸಾಯಿತು. ಇಪ್ಪತ್ತೆರಡು ವರ್ಷ ಬರೆದರೂ ಇಂದುಮತಿಯ ಒಂದು ಪ್ರಬಂಧಕ್ಕೂ ಮೀನುಪೇಟೆ ಅಲುಗಿರಲಿಲ್ಲ.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಗಂಡ ದಯಾನಂದ ಅಲೆತಡೆಯ ಕೆಲಸದಲ್ಲಿ ಮೇಸ್ತ್ರಿ, ಮುಚ್ಚುಮರೆ ಗೊತ್ತಿಲ್ಲದ ಮನುಷ್ಯ. ದಿನಾ ಕೆಲಸ ಮುಗಿಸಿ ಬಂದವನೇ, "ಇವತ್ತೂ ನಾನೂರ ಹನ್ನೆರಡೇ, ಇಂದೂ," ಎನ್ನುತ್ತಿದ್ದ.

"ನಾನು ಕೇಳಿದ್ನಾ?"

"ಅಲ್ಲ, ಹೇಳಿದೆ. ಆ ತಾರಾನ ತಲೆ ನೋಡು. ನಿನ್ನ ಪುಸ್ತಕ ನಂಗೆ ಹತ್ತು ಪುಟದಾಚೆ ಹೋಗ್ಲಿಲ್ಲ. ಇದಾದ್ರೆ ಒಂದು ನೋಟಕ್ಕೆ ತಿಳೀತದೆ."

ಇಂದುಮತಿ ತಟ್ಟೆಗೆ ಅನ್ನ ಬಡಿಸುವಾಗ ಚಮಚ ಟಣ್ ಎಂದಿತು.

ಮುಂದಿನ ವರ್ಷ ಆಷಾಢದ ಬಿರುಗಾಳಿಗೆ ಪಡುವಣ ಅಲೆತಡೆ ಅರವತ್ತು ಮೀಟರು ಒಡೆದುಹೋಯಿತು. ಎರಡು ಕೇರಿಗಳ ಜನರನ್ನು ಶಾಲೆಗಳಿಗೆ ಸಾಗಿಸಬೇಕಾಯಿತು. ಅದೇ ವಾರ ಸಭೆಯ ಅಧ್ಯಕ್ಷ ಜಯವಂತ ಒಂದು ಮಸೂದೆ ತಂದ: ಅಲೆತಡೆಯ ದುರಸ್ತಿ ಮುಗಿಯುವವರೆಗೆ ಕೇರಿ ಚುನಾವಣೆ ಮುಂದೂಡುವುದು. ದುರಸ್ತಿ ಮುಗಿಯಿತೆಂದು ಅಧ್ಯಕ್ಷರು ನೇಮಿಸಿದ ಸಮಿತಿ ಪ್ರಮಾಣಪತ್ರ ಕೊಟ್ಟ ಮೇಲೆ ಚುನಾವಣೆ. ಜನ ಒಪ್ಪಿದರು. ಮನೆಯೊಳಗೆ ನೀರು ನಿಂತಿರುವಾಗ ಮತ ಕೇಳಲು ಯಾರು ಬರಬೇಕು?

ಮಸೂದೆ ಮಂಡನೆಯಾದ ಅರ್ಧ ಗಂಟೆಗೆ ಫಲಕದಲ್ಲಿ ೪೧೨ ಅಳಿಸಿ ೩೦೭೦ ಬಂತು.

ಮರುದಿನ ಸಂಜೆ ಜಯವಂತ ತಾನೇ ಇಂದುಮತಿಯ ಮನೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಕೊಟ್ಟ ಚಹಾ ಕುಡಿದು, ನೆಲ ನೋಡುತ್ತ ಮಾತು ತೆಗೆದ.

"ಚುನಾವಣೆ ಮುಂದೆ ಹಾಕೂದಾದ್ರೆ ಒಬ್ಬ ತಜ್ಞರ ಪ್ರಮಾಣದ ಅಭಿಪ್ರಾಯ ಬೇಕು ಅಂತ ನಮ್ಮ ಸಂವಿಧಾನದಲ್ಲಿ ಉಂಟಲ್ಲ, ನೀವೇ ಬರೆದದ್ದು. ತಾರಾನ ಯಂತ್ರ ಬೇಡ ಹೇಳ್ತದೆ. ನಂಗೆ ಯಂತ್ರದ ಮಾತು ಬೇಡ, ನಿಮ್ಮ ಮಾತು ಬೇಕು."

"ಯಂತ್ರ ಅದನ್ನ ಕಲಿತದ್ದು ನನ್ನ ಬರಹದಿಂದಲೇ," ಎಂದಳು ಇಂದುಮತಿ.

"ಅದೇ ನಾನು ಹೇಳೂದು. ನಿಮ್ಮಿಂದ ಕಲಿತದ್ದು ಈಗ ನಿಮ್ಗೇ ಪಾಠ ಮಾಡ್ತದಾ? ಊರಿನವ್ರಿಗೆ ಈಗ ಗುರು ಯಾರು ಅನ್ನೂದೇ ಮರ್ತುಹೋಗಿದೆ ಮೇಡಂ."

ಈ ಮನುಷ್ಯ ತನ್ನ ಗಾಯ ಹುಡುಕಿ ಬೆರಳಿಡುತ್ತಿದ್ದಾನೆ ಎಂದು ಇಂದುಮತಿಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಹಿತವಾಗುತ್ತಿತ್ತು. ಯಂತ್ರವನ್ನು ನೋಡಿ ಹೇಳುತ್ತೇನೆ ಎಂದಳು.

ತಾರಾಳ ಯಂತ್ರವಿದ್ದ ಮಾಪನ ಕೇಂದ್ರ ಮೂರನೇ ತೆಪ್ಪದ ಹೊಟ್ಟೆಯೊಳಗಿತ್ತು. ಯಂತ್ರದ ಕಾವು ತಗ್ಗಿಸಲು ಕಡಲನೀರು ಗೋಡೆಯ ಕೊಳವೆಗಳಲ್ಲಿ ಸದಾ ಹರಿಯುತ್ತಿತ್ತು. ತಾರಾ ಕುರ್ಚಿ ಒರೆಸಿ ಕೊಟ್ಟಳು.

"ಅಕ್ಕೋರೆ, ನೀವು ಬಂದದ್ದು ಒಳ್ಳೇದಾಯ್ತು. ಇದು ಯಾಕೆ ಹೀಗೆ ಹೇಳ್ತದೆ ಅಂತ ನಾನು ನಿನ್ನೆಯಿಂದ ಬಿಡಿಸ್ತಾ ಇದ್ದೇನೆ. ನೋಡಿ."

ಪರದೆಯ ಮೇಲೆ ಇಪ್ಪತ್ತೇಳು ಚರಿತ್ರೆಗಳು ಸಾಲಾದವು. ಇಪ್ಪತ್ತೇಳು ಕಡೆಯೂ ವಿಪತ್ತಿನ ಹೆಸರಲ್ಲಿ ಚುನಾವಣೆ ಮುಂದೆ ಹೋಗಿತ್ತು. ಹತ್ತೊಂಬತ್ತರಲ್ಲಿ ಚುನಾವಣೆ ಮರಳಿ ಬಂದಿತ್ತು. ಎಂಟರಲ್ಲಿ ಮತ್ತೆಂದೂ ಬಂದಿರಲಿಲ್ಲ.

"ಹತ್ತೊಂಬತ್ತಕ್ಕೂ ಎಂಟಕ್ಕೂ ಫರಕು ಎಂತದು ಅಂತ ಯಂತ್ರ ಕಂಡುಹಿಡಿದದ್ದಲ್ಲ," ತಾರಾ ಕಣ್ಣರಳಿಸಿ ಹೇಳಿದಳು. "ಅದು ನಿಮ್ಮದೇ. ಇಲ್ಲಿ, ಅಂಚಿನಲ್ಲಿ."

ಹಳದಿಗಟ್ಟಿದ ಪುಟವೊಂದರ ಚಿತ್ರ ತೆರೆದುಕೊಂಡಿತು. ಅಂಚಿನಲ್ಲಿ ಇಂದುಮತಿಯದೇ ಪೆನ್ಸಿಲಿನ ಅಕ್ಷರ: 'ಮರಳಿ ಬಂದ ಕಡೆಯಲ್ಲೆಲ್ಲ ಕೊನೆಯ ದಿನವನ್ನು ನಿರ್ಧರಿಸಿದವನು ಬೇರೆಯವನು. ಬಾರದ ಕಡೆಯಲ್ಲಿ, ತಡವಾದಷ್ಟೂ ಲಾಭವಿದ್ದವನು.'

ಹದಿನಾಲ್ಕು ವರ್ಷದ ಹಿಂದೆ ಬರೆದದ್ದು. ಅವಳಿಗೆ ಅದು ಮರೆತೇ ಹೋಗಿತ್ತು. ತನಗೇ ನೆನಪಿಲ್ಲದ ತನ್ನ ಜೀವಮಾನದ ಅತ್ಯುತ್ತಮ ಸಾಲನ್ನು ಈ ಹುಡುಗಿ ಎತ್ತಿ ತಂದು, ಮಗುವಿಗೆ ತೋರಿಸುವಂತೆ ತೋರಿಸುತ್ತಿದ್ದಳು. ಸಂತೋಷವಾಗಬೇಕಿತ್ತು. ಕಿವಿಯವರೆಗೆ ಬಿಸಿ ಏರಿತು.

"ಅಲ್ವಾ ಅಕ್ಕೋರೆ? ಜಯವಂತ ಅವ್ರ ಮಸೂದೆ ಈ ಎಂಟರ ಜಾತಿಯದೇ ಅಲ್ವಾ?"

"ನೋಡುವಾ," ಎಂದು ಇಂದುಮತಿ ಎದ್ದಳು.

ವಿಚಾರಣೆಯ ದಿನ ಸಭಾಭವನದ ಕಿಟಕಿಗಳಲ್ಲೂ ಜನ. ಎಂಟರ ಮಾತನ್ನು ಅಕ್ಕೋರೇ ಹೇಳುತ್ತಾರೆಂದು ನಂಬಿ, ತಾರಾ ಅಂಕಿಯಷ್ಟನ್ನೇ ವಿವರಿಸಿ ತನ್ನ ಮಾತು ಮುಗಿಸಿದ್ದಳು. ಇಂದುಮತಿ ಸಂವಿಧಾನದ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದಳು.

"ಇಂಥ ಮುಂದೂಡಿಕೆ ಹೊಸದಲ್ಲ," ಎಂದಳು. "ನನ್ನ ಅಧ್ಯಯನದಲ್ಲಿ ಹತ್ತೊಂಬತ್ತು ಗಣರಾಜ್ಯಗಳು ಹೀಗೆ ಮಾಡಿ, ವಿಪತ್ತು ಕಳೆದ ಮೇಲೆ ಸುಖವಾಗಿ ಚುನಾವಣೆಗೆ ಮರಳಿವೆ. ಯಂತ್ರಕ್ಕೆ ಹೆದರಲು ಮಾತ್ರ ಗೊತ್ತು. ಹೆದರಿಕೆ ಬೇರೆ, ವಿವೇಕ ಬೇರೆ."

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಎಂಟರ ಮಾತನ್ನು ಅವಳು ಎತ್ತಲಿಲ್ಲ, ಅಷ್ಟೆ. ಕೊನೆಯ ಸಾಲಿಗೆ ಸಭೆ ನಕ್ಕಿತು, ಕೆಲವರು ಮೇಜು ಕುಟ್ಟಿದರು. ತಾರಾ ಮಾತ್ರ ಬಾಯಿ ತುಸು ತೆರೆದು ಅವಳನ್ನೇ ನೋಡುತ್ತಿದ್ದಳು. ಆ ಮುಖ ಕಂಡಾಗ ಇಂದುಮತಿಗೆ ಬಾಯಾರಿದವಳಿಗೆ ನೀರು ಸಿಕ್ಕಂತಾಯಿತು.

ಹದಿನಾಲ್ಕಕ್ಕೆ ಒಂಬತ್ತು ಮತದಿಂದ ಮಸೂದೆ ಪಾಸಾಯಿತು. ಜನರಲ್ಲಿ ಸುಮ್ಮನೆ ಗಾಬರಿ ಹುಟ್ಟಿಸುತ್ತದೆಂದು ಫಲಕವನ್ನು ಇಳಿಸಿದರು. ಯಂತ್ರವನ್ನು ತಿದ್ದಿ ಸರಿಪಡಿಸುವ ಹೊಣೆಯೊಂದಿಗೆ ಮಾಪನ ಕೇಂದ್ರದ ನಿರ್ದೇಶಕಿಯ ಹುದ್ದೆ ಇಂದುಮತಿಗೆ ಬಂತು. ತಾರಾಳನ್ನು ಕಡಲನೀರಿನಿಂದ ಕುಡಿಯುವ ನೀರು ಮಾಡುವ ಘಟಕಕ್ಕೆ, ಪಂಪುಗಳ ಉಸ್ತುವಾರಿಗೆ ಕಳಿಸಿದರು.

ಇಂದುಮತಿಯ ಬಯಕೆ ಈಡೇರಿತ್ತು. ಆದರೆ ಹೊಟ್ಟೆಯ ಉರಿ ಆರಲಿಲ್ಲ. ಫಲಕ ಹೋದ ಮೇಲೆ ಜನ ನೀರಿನ ಘಟಕದ ಬಾಗಿಲಲ್ಲಿ ನಿಂತು, "ತಾರಾ, ಈಗ ಎಷ್ಟಾಗಿರಬಹುದು?" ಎಂದು ಕೇಳುತ್ತಾರೆಂದು ತಿಳಿಯಿತು. ನಿರ್ದೇಶಕಿಯ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ.

ಒಂದೂವರೆ ವರ್ಷ ತುಂಬುತ್ತ ಬಂತು. ಆ ನಡುವೆ ಸಣ್ಣಸಣ್ಣ ಆದೇಶಗಳು ಬಂದವು. ಸದಸ್ಯರನ್ನು ವಾಪಸು ಕರೆಸುವ ಅರ್ಜಿಗೆ ಇನ್ನೂರು ಸಹಿ ಸಾಕಿದ್ದದ್ದು ನಾಲ್ಕು ಸಾವಿರವಾಯಿತು. ಹತ್ತು ಜನಕ್ಕಿಂತ ಹೆಚ್ಚು ಒಂದೆಡೆ ಸೇರುವುದಾದರೆ ತೆಪ್ಪದ ಸಮತೋಲದ ನೆಪದಲ್ಲಿ ಪರವಾನಗಿ ಬೇಕಾಯಿತು. ಮೀನುಪೇಟೆಯ ಹೆಂಗಸರು ಈಗ ಮೆಟ್ಟಿಲ ಮೇಲೆ ಹತ್ತು ಹತ್ತೇ ಮಂದಿ ಬಂದು ಕೂರುತ್ತಿದ್ದರು. ಬರಬರುತ್ತ ಅದೂ ನಿಂತಿತು.

ಒಂದು ಭಾನುವಾರ ಮಧ್ಯಾಹ್ನ ದಯಾನಂದ ಊಟ ಬಿಟ್ಟು ಕೂತಿದ್ದ.

"ಅಲೆತಡೆಯ ಕೊನೇ ಕಲ್ಲು ಹಾಕಿ ಇವತ್ತಿಗೆ ಐದು ತಿಂಗಳು," ಎಂದ. "ನನ್ನ ಕೈಯಾರೆ ಹಾಕಿದ್ದು. ಸಮಿತಿಯವ್ರು ವಾರ ವಾರ ಬತ್ತಾರೆ, ಅಳೀತಾರೆ, ಇನ್ನೂ ಮುಗೀಲಿಲ್ಲ ಅಂತ ಬರ್ಕೊಂಡು ಹೋಗ್ತಾರೆ. ಮೊನ್ನೆ ಒಬ್ಬ ಹೇಳಿದ, ಮೇಸ್ತ್ರಿ, ನಿಮ್ಮ ಹೆಂಡ್ತಿನೇ ಅಲ್ವಾ ಏನೂ ಆಗೂದಿಲ್ಲ ಹೇಳಿದ್ದು ಅಂತ. ನಾನು ಎಂತ ಹೇಳ್ಲಿ ಇಂದೂ?"

ಇಂದುಮತಿ ಅವನ ತಟ್ಟೆ ಎತ್ತಿ ಮುಚ್ಚಿಟ್ಟಳು. ಸೋಮವಾರ ಬೆಳಿಗ್ಗೆ ಕೇಂದ್ರಕ್ಕೆ ಹೋಗಿ, ತಿದ್ದುವ ನೆಪದಲ್ಲಿ ಅಷ್ಟು ಕಾಲ ಆರಿಸಿಟ್ಟಿದ್ದ ಯಂತ್ರವನ್ನು ಹೊತ್ತಿಸಿದಳು. ಅಷ್ಟೂ ದಿನದ ಆದೇಶಗಳನ್ನೆಲ್ಲ ಓದಲು ಅದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಆರು ಸಾವಿರವೋ ಏಳು ಸಾವಿರವೋ ತೋರಿಸೀತೆಂದು ಅವಳು ಕಾಯುತ್ತಿದ್ದಳು. ಅಂಕಿಯ ಬದಲು ಎರಡು ಸಾಲು ಬಂತು:

'ಸಾಮಾನ್ಯ ದಾರಿಗಳು: ಇಲ್ಲ. ಉಳಿದ ದಾರಿ ಒಂದು: ವಿಧಿ ನೂರ ಆರು. ಗಡುವು ಇಪ್ಪತ್ಮೂರು ದಿನ.'

ನೂರ ಆರು ಏನೆಂದು ಅವಳು ಪುಟ ತಿರುವಿ ನೋಡಬೇಕಾಯಿತು. ತಾನೇ ಕೂತು ಬರೆದ ಸಂವಿಧಾನದಲ್ಲಿ, ತರಗತಿಯಲ್ಲಿ ಎಂದೂ ಓದಿಸದೆ ದಾಟಿಸಿದ ವಿಧಿ ಅದು. ಪ್ರಮಾಣದ ಅಭಿಪ್ರಾಯ ಕೊಟ್ಟ ತಜ್ಞರು ಹದಿನೆಂಟು ತಿಂಗಳೊಳಗೆ ಕಾರಣ ಹೇಳಿ ಅದನ್ನು ಹಿಂತೆಗೆದುಕೊಂಡರೆ, ಅದರ ಮೇಲೆ ನಿಂತ ಕಾನೂನು ಅಲ್ಲಿಗೇ ಅಮಾನತಾಗಿ ಸಭೆಯ ಮುಂದೆ ಮತ್ತೆ ಬರಬೇಕು. ತನ್ನ ಅಭಿಪ್ರಾಯ ತಪ್ಪೆಂದು ಸಾರ್ವಜನಿಕವಾಗಿ ಒಪ್ಪಿಕೊಂಡ ತಜ್ಞ ಅವಳ ಮುನ್ನೂರ ಹನ್ನೊಂದು ಚರಿತ್ರೆಗಳಲ್ಲಿ ಒಬ್ಬನೂ ಇರಲಿಲ್ಲ.

ನಲವತ್ತು ಸಾವಿರ ಜನರ ದಾರಿ ತನ್ನೊಬ್ಬಳ ಬಾಯಿಯ ಮೂಲಕ ಹೋಗುತ್ತದೆ. ಇಂದುಮತಿ ಯಂತ್ರ ಆರಿಸಿ, ಆ ಕೊಳವೆಗಳ ಸದ್ದು ಕೇಳುತ್ತ ಬಹಳ ಹೊತ್ತು ಕೂತಳು. ಹನ್ನೆರಡು ದಿನ ಹೀಗೇ ಕಳೆದಳು. ಹದಿಮೂರನೆಯ ದಿನ ನೀರಿನ ಘಟಕಕ್ಕೆ ಹೋದಳು.

ತಾರಾ ಪಂಪಿನ ಅಡಿಯಿಂದ ಎದ್ದು ಬಂದು ಕೈ ಒರೆಸಿಕೊಂಡಳು. ಮುಖ ಕೃಶವಾಗಿತ್ತು. ಕೂರಲು ಕುರ್ಚಿ ಕೊಡಲಿಲ್ಲ.

"ನೂರ ಆರು," ಎಂದಳು ಇಂದುಮತಿ.

"ಗೊತ್ತುಂಟು ಅಕ್ಕೋರೆ. ಮಸೂದೆ ಪಾಸಾದ ವಾರವೇ ನೋಡಿದ್ದೆ."

"ಮತ್ತೆ ಯಾಕೆ ಬಂದು ಹೇಳ್ಲಿಲ್ಲ?"

ತಾರಾ ಪಂಪಿನ ಮಾಪಕದ ಮುಳ್ಳು ನೋಡಿ ಒಂದು ತಿರುಪು ಬಿಗಿ ಮಾಡಿದಳು. "ನಾನು ಹೇಳಿದ್ರೆ ನೀವು ಇನ್ನೂ ಗಟ್ಟಿ ಹಿಡ್ಕೊಳ್ತಿದ್ರಿ. ನಂಗೆ ನಿಮ್ಮ ಮೇಲೆ ಸಿಟ್ಟುಂಟು ಅಕ್ಕೋರೆ, ಸುಳ್ಳು ಹೇಳೂದಿಲ್ಲ. ಆದ್ರೆ ಆ ದಾರಿ ಕೆಡಿಸ್ಬಾರ್ದು ಅಂತ ಸುಮ್ಮನಿದ್ದೆ."

ತನ್ನನ್ನು ಇವಳು ಇಷ್ಟು ಸರಿಯಾಗಿ ಓದಿಕೊಂಡಿದ್ದಳಲ್ಲ! ನಾಚಿಕೆಯ ಜೊತೆಗೇ ಇನ್ನೊಂದು ಸಲ ಅದೇ ಚುರ್ರೆನ್ನುವ ನೋವು ಬಂತು. ತಾನು ಬದಲಾಗಿಲ್ಲ ಎಂಬುದು ಇಂದುಮತಿಗೆ ಅಲ್ಲೇ, ಪಂಪಿನ ಗದ್ದಲದ ನಡುವೆ ಖಚಿತವಾಯಿತು. ಬದಲಾಗುವವರೆಗೆ ಕಾಯಲು ಹತ್ತು ದಿನ ಸಾಲುವುದಿಲ್ಲ.

ಎರಡು ದಿನದ ಮೇಲೆ ಅವಳು ಮತ್ತೆ ಸಭೆಯ ಮುಂದೆ ನಿಂತಳು. ಜಯವಂತನ ಪರವಾಗಿ ಸಭೆಯ ವಕೀಲ ಎದ್ದ.

"ಹಿಂತೆಗೆಯೂದಕ್ಕೆ ಕಾರಣ ಹೇಳ್ಬೇಕು. ನಿಮ್ಗೆ ಹೊಸ ಪುರಾವೆ ಎಂತಾದ್ರೂ ಸಿಕ್ಕಿತಾ?"

"ಇಲ್ಲ."

"ಹಳೇ ಪುರಾವೆ ತಪ್ಪಿತ್ತಾ?"

"ಇಲ್ಲ. ಇಪ್ಪತ್ತೇಳು ಚರಿತ್ರೆಗಳಿದ್ದವು. ಹತ್ತೊಂಬತ್ತನ್ನು ಹೇಳಿ ಎಂಟನ್ನು ಬಚ್ಚಿಟ್ಟೆ. ಈ ಮಸೂದೆ ಆ ಎಂಟರಂಥದ್ದು ಅಂತ ನಂಗೆ ಅವತ್ತೇ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ? ಯಾರಾದ್ರೂ ಹೆದರಿಸಿದ್ರಾ? ಆಸೆ ತೋರ್ಸಿದ್ರಾ?"

ಹೌದು ಎಂದುಬಿಡಬಹುದಿತ್ತು. ಜಯವಂತನ ಮುಖ ಬಿಳಿಚಿತ್ತು. ಊರು ನಂಬುತ್ತಿತ್ತು, ಮರುಗುತ್ತಿತ್ತು ಕೂಡ. ಇಂದುಮತಿ ಮೇಜಿನ ಅಂಚು ಹಿಡಿದುಕೊಂಡಳು.

"ಹೊಟ್ಟೆಕಿಚ್ಚು," ಎಂದಳು. "ನನ್ನ ವಿದ್ಯಾರ್ಥಿನಿಯ ಹೆಸರು ನನ್ನ ಹೆಸರಿಗಿಂತ ದೊಡ್ಡದಾಯ್ತು. ಅದು ನಂಗೆ ಸಹಿಸಲಿಕ್ಕೆ ಆಗ್ಲಿಲ್ಲ. ಅವಳು ಸೋಲೂದು ನೋಡ್ಬೇಕಿತ್ತು. ಅದಕ್ಕೆ ನಿಮ್ಮೆಲ್ಲರ ಚುನಾವಣೆ ಕೊಟ್ಟೆ."

ಯಾರೂ ನಗಲಿಲ್ಲ. ಬರೆದುಕೊಳ್ಳುತ್ತಿದ್ದ ಗುಮಾಸ್ತೆ ತಲೆಯೆತ್ತಿ, "ಹೊಟ್ಟೆಕಿಚ್ಚು ಅಂತಲೇ ಬರೀಲಾ ಮೇಡಂ?" ಎಂದು ಮೆಲ್ಲಗೆ ಕೇಳಿದಳು.

"ಹಾಗೇ ಬರಿ."

ಕಾನೂನು ಮತ್ತೆ ಮತಕ್ಕೆ ಹೋಯಿತು. ಹಿಂದಿನ ಸಲ ಪರವಾಗಿದ್ದ ಮೂವರು ಈ ಸಲ ಕೈ ಎತ್ತಲಿಲ್ಲ. ಹನ್ನೊಂದಕ್ಕೆ ಹನ್ನೆರಡು. ಕಾನೂನು ಬಿದ್ದುಹೋಯಿತು, ಅದನ್ನು ನೆಚ್ಚಿಕೊಂಡಿದ್ದ ಆದೇಶಗಳೂ ಒಂದೊಂದಾಗಿ ಬಿದ್ದವು. ಅರವತ್ತು ದಿನದಲ್ಲಿ ಚುನಾವಣೆ ಎಂದು ಸಾರಿದರು. ಇಂದುಮತಿಯ ಹುದ್ದೆ ಹೋಯಿತು. ಇನ್ನು ಮುಂದೆ ಅವಳು ಪ್ರಮಾಣದ ಅಭಿಪ್ರಾಯ ಕೊಡುವಂತಿಲ್ಲ ಎಂದೂ ಸಭೆ ಒಮ್ಮತದಿಂದ ಗೊತ್ತುಮಾಡಿತು. ಮೀನುಪೇಟೆಯಲ್ಲಿ ಕೆಲವು ದಿನ ಹೆಂಗಸರು ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಆಮೇಲೆ ಒಬ್ಬಳು, "ಬಂಗಡೆ ಒಳ್ಳೇದುಂಟು, ಬೇಕಾ?" ಎಂದು ಕೇಳಿದಳು. ಇಂದುಮತಿ ಆ ದಿನ ಬೇಕಾದ್ದಕ್ಕಿಂತ ಹೆಚ್ಚು ಮೀನು ತಂದಳು.

ಇಂದುಮತಿಯ ಕೇರಿಯಿಂದ ಐದು ಮಂದಿ ಚುನಾವಣೆಗೆ ನಿಂತಿದ್ದರು. ಅವರಲ್ಲೊಬ್ಬಳು ತಾರಾ ಖಾರ್ವಿ.

ಚುನಾವಣೆಯ ದಿನ ಸಾಲು ದೋಣಿಕಟ್ಟೆಯವರೆಗೂ ಬೆಳೆದಿತ್ತು. ಇಂದುಮತಿ ಎರಡು ತಾಸು ಬಿಸಿಲಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ರಟ್ಟಿನ ಮರೆಯ ಹಿಂದೆ ಹೋದಳು. ಐದು ಹೆಸರು, ಐದು ಗುರುತು. ತಾರಾ ಮೂರನೆಯವಳು. ಅವಳಿಗಿಂತ ಯೋಗ್ಯರು ಆ ಪಟ್ಟಿಯಲ್ಲಿ ಇರಲಿಲ್ಲ. ಇಂದುಮತಿ ಬೆರಳನ್ನು ಮೂರನೆಯ ಹೆಸರಿನ ಬಳಿ ಒಯ್ದಳು. ಬೆರಳು ಅಲ್ಲೇ ನಿಂತಿತು.

"ಮೇಡಂ, ಆಯ್ತಾ?" ಎಂದು ಹೊರಗಿನಿಂದ ಅಧಿಕಾರಿ ಕೇಳಿದ.

"ಆಯ್ತು," ಎಂದು ಒತ್ತಿ ಹೊರಬಂದಳು.

ಮರುದಿನ ಫಲಿತಾಂಶ ಬಂತು. ತಾರಾ ಆರುನೂರ ಹನ್ನೊಂದು ಮತ ಪಡೆದು ಗೆದ್ದಿದ್ದಳು. ಬೀದಿಯಲ್ಲಿ ಡೋಲು ಬಡಿಯುತ್ತಿತ್ತು. ದಯಾನಂದ ಜಗಲಿಯಲ್ಲಿ ಕೂತು ಹೆಂಡತಿಯ ಮುಖ ನೋಡಿದ.

"ಕೇಳ್ಬಾರ್ದು. ಆದ್ರೂ ಕೇಳ್ತೆ. ತಾರಾಗೆ ಹಾಕಿದ್ಯಾ?"

"ಇಲ್ಲ," ಎಂದಳು ಇಂದುಮತಿ. "ನಾಲ್ಕನೆಯವನಿಗೆ ಹಾಕಿದೆ. ಅವನ ಹೆಸರೂ ಸರಿ ಗೊತ್ತಿಲ್ಲ."

ದಯಾನಂದ ಬೆರಗಾಗಿ ಕೂತ. "ಇಷ್ಟೆಲ್ಲ ಆದ ಮೇಲೂನಾ?"

"ಇಷ್ಟೆಲ್ಲ ಆದ ಮೇಲೂ. ಕೈ ಬರ್ಲಿಲ್ಲ."

ಡೋಲಿನ ಮೆರವಣಿಗೆ ಅವರ ಮನೆಯ ಮುಂದೆ ಬಂತು. ಕೊರಳಲ್ಲಿ ಹಾರ ಹಾಕಿಕೊಂಡು ಸಂಕೋಚದಿಂದ ಬಗ್ಗಿದ್ದ ತಾರಾ ಜಗಲಿಯತ್ತ ನೋಡಿ ಒಂದು ಕ್ಷಣ ನಿಂತು ಕೈಮುಗಿದಳು. ಇಂದುಮತಿಯ ಹೊಟ್ಟೆಯಲ್ಲಿ ಮತ್ತೆ ಚುರ್ರೆಂದಿತು. ಅವಳು ಎದ್ದು ನಿಂತು ಕೈಮುಗಿದಳು. ಮೆರವಣಿಗೆ ಮುಂದೆ ಹೋಯಿತು.

"ಆರುನೂರ ಹನ್ನೊಂದು," ಎಂದು ದಯಾನಂದ ಲೆಕ್ಕ ಹಾಕಿದ. "ನೀನೂ ಅವಳಿಗೇ ಹಾಕಿದ್ರೆ ಆರುನೂರ ಹನ್ನೆರಡು ಆಗ್ತಿತ್ತು."

"ಹೌದು," ಎಂದಳು ಇಂದುಮತಿ. "ಒಂದೇ ಕಡಿಮೆ."

ಬಹಳ ದಿನಗಳ ಮೇಲೆ ಅವಳಿಗೆ ನಗು ಬಂತು. ಹೋದ ಸಲ ಇದೇ ಹೊಟ್ಟೆಕಿಚ್ಚು ನಲವತ್ತು ಸಾವಿರ ಜನರನ್ನು ಹಿಡಿದು ನಿಲ್ಲಿಸಿತ್ತು. ಈ ಸಲ ಅದರ ತೂಕ ಒಂದು ಮತದಷ್ಟೇ ಆಗಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಡೋಲಿನ ಸದ್ದು ಕೇರಿಯ ತಿರುವು ದಾಟುವವರೆಗೂ ಜಗಲಿಯಲ್ಲೇ ನಿಂತಿದ್ದಳು.